ಹಿತ್ತಲ ಲೈನಿನ ತಲೆಬಾಗಿಲು

ನಮ್ಮ ಮನೆಗೆ ಬರುವ ಕೊರಿಯರ್‌ನವರು ಮೊದಲು ನೋಡುವುದು ನಮ್ಮ ಬಚ್ಚಲ ಕಿಟಕಿಯನ್ನು. ಆಮೇಲೆ ಬಟ್ಟೆ ಒಗೆಯುವ ಕಲ್ಲು, ಖಾಲಿ ಸಿಲಿಂಡರ್, ಹಗ್ಗದ ಮೇಲೆ ಅಪ್ಪನ ಪಟ್ಟಾಪಟ್ಟಿ ಚಡ್ಡಿ. “ಮುಂದಿನ ಬಾಗ್ಲು ಎಲ್ಲೈತ್ರಿ?” ಎಂದು ಕೇಳುತ್ತಾರೆ. “ಹಿಂದೈತೆ” ಎನ್ನುತ್ತೇವೆ. ಒಮ್ಮೆ ಒಬ್ಬ ಬೇಸತ್ತು ಬಚ್ಚಲ ಕಿಟಕಿಯಲ್ಲೇ ಪಾರ್ಸೆಲ್ ತೂರಿಸಿದ. ಒಳಗೆ ಅಪ್ಪ ಸ್ನಾನ ಮಾಡುತ್ತಿದ್ದರು. “ಓಟಿಪಿ ಹೇಳ್ರಿ ಸಾರ್” ಅಂದನಂತೆ. ಅಪ್ಪ ತಲೆ ತುಂಬ ಸೋಪು ಹಚ್ಚಿಕೊಂಡೇ ಅವ್ವನನ್ನು ಕೂಗಿ, ಅವ್ವ ಫೋನು ಹುಡುಕಿ, ನಂಬರನ್ನು ಅಡುಗೆಮನೆಯಿಂದಲೇ ಕೂಗಿ, ಅಷ್ಟು ಹೊತ್ತಿಗೆ ಇಡೀ ರೋಡಿಗೆ ನಮ್ಮ ಓಟಿಪಿ ಬಾಯಿಪಾಠವಾಗಿತ್ತು.

ಆವರಗೆರೆ ಕಡೆಯ ಆಟೋದವರಿಗೆ ನಮ್ಮ ಬಡಾವಣೆಯ ಬೋರ್ಡಿನ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. “ಹಿತ್ತಲ ಲೈನ್” ಅಂದರೆ ಸಾಕು, ಗಾಡಿ ತಿರುಗುತ್ತದೆ. ಒಂಬತ್ತು ಮನೆ. ಒಂಬತ್ತಕ್ಕೂ ಬೆನ್ನು ರೋಡಿಗೆ, ಮುಖ ಗುತ್ತೆಪ್ಪನ ಭತ್ತದ ಗದ್ದೆಗೆ. ಮನೆಗೂ ಮನೆಗೂ ನಡುವೆ ಬೆಕ್ಕು ನುಸುಳುವಷ್ಟು ಸಂದಿ. ಮನುಷ್ಯ ಹೋದರೆ ಅಲ್ಲೇ ಸಿಕ್ಕಿಕೊಳ್ಳಬೇಕು. ತಲೆಬಾಗಿಲಿಗೆ ಹೋಗಬೇಕಾದರೆ ಲೈನಿನ ಕೊನೆಯ ಮನೆ ದಾಟಿ, ಗದ್ದೆಗೆ ಇಳಿಯುವ ಗಾಡಿದಾರಿ ಹಿಡಿದು, ಅಲ್ಲಿಂದ ಗುತ್ತೆಪ್ಪನ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಸರ್ಕಸ್ಸಿನವರ ಹಾಗೆ ನಡೆಯಬೇಕು. ಅಷ್ಟು ಕಷ್ಟ ಯಾರಿಗೆ ಬೇಕು? ಎಲ್ಲರೂ ಹಿತ್ತಲ ಬಾಗಿಲಲ್ಲೇ ಓಡಾಡುತ್ತೇವೆ. ತಲೆಬಾಗಿಲು ಪೂಜೆಗೆ, ಹಬ್ಬದ ತೋರಣಕ್ಕೆ, ಗಾಳಿಗೆ.

ಇದಕ್ಕೆಲ್ಲ ಯಾರು ಕಾರಣ ಎಂದು ಲೈನಿನಲ್ಲಿ ಯಾರನ್ನು ಕೇಳಿದರೂ ಬೆರಳು ನಮ್ಮ ಮನೆಯ ಕಡೆಗೇ ತಿರುಗುತ್ತದೆ. ಮೊದಲು ಕಟ್ಟಿದವರು ನಮ್ಮಪ್ಪ, ಉಜ್ಜನಪ್ಪ. ಮಂಡಿಪೇಟೆಯಲ್ಲಿ ಬೆಲ್ಲದ ಅಂಗಡಿ. ಅಂಗಡಿಯ ಮೇಲೇ ಬಾಡಿಗೆ ಮನೆ. ಹಾಸಿಗೆಯಲ್ಲಿ ಇರುವೆ, ಅನ್ನದಲ್ಲಿ ಇರುವೆ, ನನ್ನ ಶಾಲೆಯ ಚೀಲದಲ್ಲೂ ಇರುವೆ. ಇರುವೆಯಿಲ್ಲದ ಒಂದು ಮನೆ ಬೇಕು ಎನ್ನುವುದು ಅವ್ವನ ಒಂದೇ ಆಸೆ. ಆಗ ಬಂದ ಲೇಔಟಿನವನು, ಬಣ್ಣದ ನಕ್ಷೆ ಹಿಡಿದುಕೊಂಡು. ಪೂರ್ವಕ್ಕೆ ನಲವತ್ತಡಿ ರೋಡು, ರೋಡಿನ ಪಕ್ಕ ಮರ, ಮರದ ಕೆಳಗೆ ಬೆಂಚು, ಬೆಂಚಿನ ಮೇಲೆ ಟೋಪಿ ಹಾಕಿಕೊಂಡು ಕೂತ ಒಬ್ಬ ಮುದುಕ. ಆ ಮುದುಕನ ನೆಮ್ಮದಿ ನೋಡಿಯೇ ಅಪ್ಪ ಸೈಟು ಹಿಡಿದರು ಎಂದು ನನ್ನ ಗುಮಾನಿ.

ನಕ್ಷೆಯಲ್ಲಿ ರೋಡು ಬರೆದವನು ಆ ಜಾಗ ಯಾರದ್ದೆಂದು ಕೇಳಿರಲಿಲ್ಲ. ಅದು ಗುತ್ತೆಪ್ಪನ ಗದ್ದೆ. ಮಾರುತ್ತೀಯಾ ಎಂದು ಆಮೇಲೆ ಕೇಳಿದರೆ, “ಭದ್ರಾ ಚಾನಲ್ ನೀರು ಬರೋ ಗದ್ದೆನ ಯಾವನು ಮಾರ್ತಾನೆ?” ಎಂದು ಗುತ್ತೆಪ್ಪ ಎತ್ತು ಹೊಡೆದುಕೊಂಡು ಹೋದ. ಲೇಔಟಿನವನು ಅವತ್ತಿನಿಂದ ಫೋನು ಎತ್ತಲಿಲ್ಲ. ಅಷ್ಟರಲ್ಲಿ ಅಪ್ಪ ಪೂರ್ವಕ್ಕೆ ಮುಖ ಮಾಡಿ ಮನೆ ಎಬ್ಬಿಸಿಯಾಗಿತ್ತು. ಅಪ್ಪನನ್ನು ನೋಡಿ ಪಕ್ಕದ ಸೈಟಿನ ಸೊಸೈಟಿ ಬ್ಯಾಂಕಿನ ನಾಗಭೂಷಣ್ ಕಟ್ಟಿದರು. “ಉಜ್ಜನಪ್ಪನೋರು ಮಂಡಿಪೇಟೆ ವ್ಯಾಪಾರಸ್ಥರು, ಸುಮ್ನೆ ಕಟ್ತಾರೇನು?” ಎಂಬ ನಂಬಿಕೆ. ನಾಗಭೂಷಣ್ ಬ್ಯಾಂಕಿನವರು, ಅವರು ಸುಮ್ಮನೆ ಕಟ್ಟುತ್ತಾರೆಯೇ ಎಂದು ಮೂರನೆಯವರು. ಹೀಗೆ ಒಬ್ಬರ ಬುದ್ಧಿಯನ್ನು ಒಬ್ಬರು ನಂಬಿ ಒಂಬತ್ತು ಮನೆ ಎದ್ದವು. ಆಮೇಲೆ ಪಶ್ಚಿಮಕ್ಕೆ ಇನ್ನೊಂದು ಲೇಔಟ್ ಹುಟ್ಟಿತು. ಡಾಂಬರು, ಬೀದಿದೀಪ, ಚರಂಡಿ, ಎಲ್ಲ ಬಂತು. ನಮ್ಮ ಬೆನ್ನ ಹಿಂದೆ ಬಂತು.

ಅಪ್ಪ ಮಾತ್ರ ಜಗ್ಗಲಿಲ್ಲ. ಇವತ್ತಿಗೂ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ತಲೆಬಾಗಿಲು ತೆಗೆದು, ಗದ್ದೆಯನ್ನು ನೋಡಿ, “ಬರ್ತದೆ ಬಿಡೋ ಕೊಟ್ರಾ, ನಲವತ್ತಡಿ” ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಟೈಲ್ಸ್ ಕೆಲಸಕ್ಕೆ ಹೋದವನು ನಾನು. ವಿದ್ಯಾನಗರದಲ್ಲಿ, ಎಸ್‌ಎಸ್ ಬಡಾವಣೆಯಲ್ಲಿ, ಎಂತೆಂಥವರ ತಲೆಬಾಗಿಲಿಗೆ ಗ್ರಾನೈಟ್ ಹಾಸಿದ್ದೇನೆ. ನಮ್ಮ ತಲೆಬಾಗಿಲಿಗೂ ಹಾಸಿದ್ದೇನೆ, ಕರಿ ಗ್ರಾನೈಟು, ಮುಖ ಕಾಣುವಂಥದ್ದು. ಅದರ ಮೇಲೆ ಅಲ್ಲಿಯ ತನಕ ಕಾಲಿಟ್ಟವರು ಬೆಳ್ಳಕ್ಕಿಗಳು ಮಾತ್ರ.

ಹೀಗಿರುವಾಗ ನನ್ನ ಮದುವೆ ಗೊತ್ತಾಯಿತು.

ಹುಡುಗಿ ಹರಿಹರದವಳು, ರಶ್ಮಿತಾ. ದೇವಸ್ಥಾನದ ರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ತಂದೆ ಇದ್ದಾರೆ, ಆದರೆ ಮನೆಯಲ್ಲಿ ನಡೆಯುವುದು ಸೋದರತ್ತೆ ಆಶಾರಾಣಿಯ ಮಾತು. ಆಶಾರಾಣಿ ತುಂಗಭದ್ರೆಯ ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ಬಸ್ಸು ನಿಲ್ಲುತ್ತದೆ. ತಾಯಿ ಇಲ್ಲದ ಹುಡುಗಿಯನ್ನು ಸಾಕಿದವರು ಅವರೇ. ಹಾಗಾಗಿ ಮನೆ ನೋಡಲು ಡಿಸೆಂಬರಿನಲ್ಲಿ ಬಂದವರೂ ಅವರೇ, ರಶ್ಮಿತಾಳನ್ನೂ ಕೂರಿಸಿಕೊಂಡು, ಎರಡು ಕಾರು ತುಂಬಿಕೊಂಡು.

ಬೀಗರನ್ನು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಿಂದ ಕರೆದುಕೊಂಡು ಬರಬೇಕೇ? ಆದರೆ ಅಪ್ಪ ಅವತ್ತು ಅಂಗಡಿ ಮುಚ್ಚಿ, ಶಲ್ಯ ಹೊದ್ದು, ರೋಡಿನ ಕೊನೆಯಲ್ಲಿ ಪೊಲೀಸಿನವರ ಹಾಗೆ ಕೈ ತೋರಿಸುತ್ತ ನಿಂತಿದ್ದರು. ಭತ್ತ ಕೊಯ್ದು ತಿಂಗಳಾಗಿತ್ತು. ಚಾನಲ್ ಬಂದ್ ಆಗಿ ಗದ್ದೆ ಒಣಗಿ ಸಿಮೆಂಟಿನಂತೆ ಗಟ್ಟಿ. ಅಪ್ಪ ಎರಡೂ ಕಾರನ್ನು ಗಾಡಿದಾರಿಯಲ್ಲಿ ಇಳಿಸಿ, ಕೊಯ್ದು ಉಳಿದ ಕೂಳೆಯ ಮೇಲೆ ಓಡಿಸಿ, ಸೀದಾ ನಮ್ಮ ತಲೆಬಾಗಿಲ ಮುಂದೆ ನಿಲ್ಲಿಸಿದರು.

ಆಶಾರಾಣಿ ಇಳಿದು ಸುತ್ತ ನೋಡಿದರು. “ಎಷ್ಟು ಬಯಲೈತ್ರಿ ಅಣ್ಣಾರೆ ಮನೆ ಮುಂದೆ! ಹರಿಹರದಾಗೆ ನಮಗೆ ಸ್ಕೂಟರ್ ತಿರುಗ್ಸಾಕೂ ಜಾಗಿಲ್ಲ.”

“ನಲವತ್ತಡಿ ರೋಡು ತಂಗೀ,” ಅಂದರು ಅಪ್ಪ.

ಬಂದೈತೆ ಎನ್ನಲಿಲ್ಲ, ಬರ್ತದೆ ಎನ್ನಲಿಲ್ಲ. ಬರೀ ರೋಡು ಅಂದರು. ನಾನು ಹಲ್ಲು ಕಚ್ಚಿಕೊಂಡೆ.

ಆಶಾರಾಣಿ ಕರಿ ಗ್ರಾನೈಟಿನ ಮೇಲೆ ನಿಂತು, ಸಾಗವಾನಿ ಬಾಗಿಲನ್ನು ಮುಟ್ಟಿ ನೋಡಿ, ಮಾತು ಕೊಟ್ಟರು. ಹಾಗೇ ಮಾತು ತಗೊಂಡರು. “ನಮ್ಮತ್ತಿಗೆ, ಅಂದ್ರೆ ಈಕಿ ತಾಯಿ, ಬಾಡಿಗೆ ಮನೆಯ ಗಲ್ಲಿ ಬಾಗ್ಲಾಗೆ ಸೇರಕ್ಕಿ ಒದ್ದು ಬಂದಾಕಿ. ಕೊನೀ ತನಕ ಅದನ್ನ ಹೇಳ್ಕೊಂಡು ಅತ್ಲು. ಈ ಹುಡುಗಿ ಪೂರ್ವದ ತಲೆಬಾಗ್ಲಾಗೇ ಒಳಗೆ ಬರಬೇಕು. ಇಷ್ಟೇ ನಂದು. ಬ್ಯಾರೆ ಏನೂ ಬ್ಯಾಡ.”

“ಅದೇನು ದೊಡ್ಡ ಮಾತು ತಂಗೀ! ಇದೇ ಬಾಗ್ಲು, ಇದೇ ಹೊಸ್ತಿಲು.” ಅಪ್ಪ ಎದೆ ಮುಟ್ಟಿಕೊಂಡು ಹೇಳಿದರು.

ಮುಹೂರ್ತ ಫೆಬ್ರವರಿಗೆ ಬಂತು. ಸ್ವಾಮಿಗಳನ್ನು ಕೇಳಿದರು, ಕಲ್ಯಾಣಮಂಟಪದವರನ್ನು ಕೇಳಿದರು, ಅಡುಗೆಯವರನ್ನು ಕೇಳಿದರು. ಚಾನಲ್ ನೀರು ಯಾವಾಗ ಬಿಡುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಬೆಲ್ಲ ಮಾರುವವರಿಗೆ, ಟೈಲ್ಸ್ ಹಾಕುವವನಿಗೆ, ಬ್ಯಾಂಕಿನವರಿಗೆ ಚಾನಲ್ ಯಾಕೆ ನೆನಪಾದೀತು?

ಜನವರಿಯಲ್ಲಿ ನೀರು ಬಂತು. ನಾನು ಬೆಳಿಗ್ಗೆ ಹಲ್ಲುಜ್ಜುತ್ತ ತಲೆಬಾಗಿಲು ತೆಗೆದರೆ ನಲವತ್ತಡಿ ರೋಡಿನ ತುಂಬ ಆಕಾಶ ಕಾಣಿಸುತ್ತಿತ್ತು.

ಇರಲಿ, ಬದು ಐತಲ್ಲ ಅಂದುಕೊಂಡೆ. ಹುಡುಗಿಯನ್ನು ಬದುವಿನ ಮೇಲೆ ನಡೆಸಿಕೊಂಡು ಬರೋಣ, ಆಶಾರಾಣಿಗೆ ಏನಾದರೂ ಸುಳ್ಳು ಹೇಳೋಣ. ಮದುವೆಗೆ ಮೂರು ದಿನ ಇರುವಾಗ ನೋಡಿದರೆ ಗುತ್ತೆಪ್ಪ ಬದು ಕಡಿದು, ಕಸ ಕಿತ್ತು, ಉದ್ದಕ್ಕೂ ಹಸಿ ಕೆಸರು ಮೆತ್ತುತ್ತಿದ್ದ. ನೀರು ಸೋರದಿರಲಿ ಎಂದು ನಾಟಿಗೆ ಮುಂಚೆ ಹೀಗೆ ಮೆತ್ತುತ್ತಾರೆ. ಕೈಯಲ್ಲಿ ಸವರಿ ಸವರಿ ಎಷ್ಟು ನುಣುಪು ಮಾಡಿದ್ದನೆಂದರೆ, ನನಗೇ ಹೊಟ್ಟೆಕಿಚ್ಚಾಗಬೇಕು.

ನನ್ನ ಜೊತೆ ಟೈಲ್ಸ್ ಹಾಕುವ ಆಸಿಮ್‌ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸೀದಾ ಗುತ್ತೆಪ್ಪನ ಮನೆಗೆ ಹೋದೆ. ಗದ್ದೆಯ ಆಚೆ ತುದಿಗೆ ಅವನ ಮನೆ. ಹೆಂಡತಿ ಕೊಟ್ರವ್ವ ಜಗಲಿಯ ಮೇಲೆ ಸಸಿಯ ಕಟ್ಟಿಗೆ ಬಿಗಿಯುವ ಹಗ್ಗ ಬಿಡಿಸುತ್ತ ಕೂತಿದ್ದಳು.

“ಬಾರಪ್ಪ ಮದುವಣಿಗ. ಕಾಲು ತೊಳ್ಕೊಂಡು ಬಾ, ನೆಲ ನೀನೇ ಹಾಕಿದ್ದು.”

ಅದೂ ನಿಜ. ಹೋದ ವರ್ಷ ಅವರ ಪಡಸಾಲೆಗೆ ಟೈಲ್ಸ್ ಹಾಕಿದವರು ನಾನೂ ಆಸಿಮ್‌ನೂ. ಕಾಲು ತೊಳೆಯದೆ ಹೊರಗೇ ನಿಂತೆ.

“ಗುತ್ತೆಪ್ಪಣ್ಣ, ಏನಿದು? ಬದುವಿನ ಮೇಲೆ ಕೆಸರು ಮೆತ್ತೀಯಲ್ಲ! ನನ್ನ ಮದುವೆ ಐತೆ!”

“ಗೊತ್ತು. ನಿಮ್ಮಪ್ಪ ಬಂದು ಕರೆದು ಹೋಗ್ಯಾನೆ. ನಾನು ಬರಾಕಾಗಲ್ಲ, ಅವತ್ತೇ ನಾಟಿ. ಆನಗೋಡಿನ ಹೆಣ್ಣಾಳು ಅವತ್ತೊಂದಿನ ಖಾಲಿ ಅದಾರೆ. ಆಮೇಲೆ ನೀರಿನ ಸರದಿ ಮುಂದಿನ ಊರಿಗೆ ಹೋಗ್ತದೆ.”

“ನಮಗೆ ಓಡಾಡಾಕೆ ದಾರಿ ಬೇಕು!”

“ಅದು ಬದು ತಮ್ಮಾ. ದಾರಿ ಅಲ್ಲ.”

“ಇಷ್ಟು ವರ್ಷ ಓಡಾಡಿಲ್ಲೇನು?”

“ಓಡಾಡ್ರಿ. ಒಣಗಿದ ಮ್ಯಾಲೆ ಓಡಾಡ್ರಿ. ಹಸಿ ಬದುವಿನ ಮ್ಯಾಲೆ ನಿಮ್ಮ ಬೀಗರು ಮೂವತ್ತು ಮಂದಿ ಚಪ್ಲಿ ಹಾಕ್ಕೊಂಡು ನಡೆದ್ರೆ ನನ್ನ ನೀರೆಲ್ಲ ನಿನ್ನ ಬಚ್ಚಲ ಚರಂಡಿಗೆ ಬರ್ತದೆ.”

ನನಗೆ ತಲೆಗೆ ಏರಿತು. “ಒಂದಿನ ಹುಷಾರಾಗಿ ನಡೆದ್ರೆ ಏನಾಗ್ತದೆ? ಒಂದೇ ಒಂದು ದಿನ!”

ಕೊಟ್ರವ್ವ ಹಗ್ಗ ಕೆಳಗಿಟ್ಟಳು. “ಯಾಕಪ್ಪಾ ಕೊಟ್ರೇಶಿ, ಈ ಪಡಸಾಲೆಗೆ ಟೈಲ್ಸ್ ಹಾಕಿದಾಗ ನೀನು ಏನಂದೆ?”

ಆಸಿಮ್ ಆಕಾಶ ನೋಡತೊಡಗಿದ.

“ನಾನು ಹೇಳ್ಲಾ? ಬಾಗ್ಲಿಗೆ ಅಡ್ಡ ಹಗ್ಗ ಕಟ್ಟಿದೆ. ಮೂರು ದಿನ ಒಳಗೆ ಬಿಡಲಿಲ್ಲ. ಹಾಲು ಉಕ್ತದೆ, ಒಂದೇ ಒಂದ್ಸಲ ಹುಷಾರಾಗಿ ಹೋಗಿ ಬರ್ತೀನಿ ಅಂತ ನಾನಂದೆ. ‘ಹಸಿ ಕೆಲಸದ ಮ್ಯಾಲೆ ಕಾಲಿಟ್ರೆ ಕಾಲು ಮುರೀತೀನಿ’ ಅಂತ ನೀನಂದೆ. ನನ್ನ ವಯಸ್ಸೇನು, ನಿನ್ನ ವಯಸ್ಸೇನು? ನಮ್ಮನೇಗೆ ನಾವು ಕಿಟಕಿಯಾಗೆ ಹತ್ತಿ ಇಳಿದ್ವಿ.”

“ಖರೆ, ಭಾಯ್,” ಅಂದ ಆಸಿಮ್, ಯಾರೂ ಕೇಳದಿದ್ದರೂ. “ಹಗ್ಗ ನಾನೇ ಕಟ್ಟಿದ್ದು.”

ಗುತ್ತೆಪ್ಪ ನಕ್ಕ. ಕೊಟ್ರವ್ವ ನಕ್ಕಳು. ನಾನು ತಿರುಗಿ ನಡೆದೆ. ಬೈಕಿನ ಕಿಕ್ಕರ್ ಒದ್ದೆ, ಸ್ಟಾರ್ಟ್ ಆಗಲಿಲ್ಲ. ಅದನ್ನು ತಳ್ಳಿಕೊಂಡೇ ಬಂದೆವು. ದಾರಿಯುದ್ದಕ್ಕೂ ಆಸಿಮ್ ಗಂಭೀರವಾಗಿರಲು ಪಟ್ಟ ಕಷ್ಟ ನನಗೆ ಹಿಂದಿನಿಂದ ಕೇಳಿಸುತ್ತಲೇ ಇತ್ತು.

ಮನೆಯಲ್ಲಿ ಪಂಚಾಯ್ತಿ ಸೇರಿತು. ಅವ್ವ ನಿರ್ಮಲಮ್ಮ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಗೋಡೆಯಾಚೆಯಿಂದ ನಾಗಭೂಷಣ್ ಕೂಡ ಬಂದು ಸೇರಿಕೊಂಡರು, ಯಾರೂ ಕರೆದಿರಲಿಲ್ಲ.

“ಸಿಂಪಲ್ ಕೊಟ್ರೇಶಿ,” ಅಂದರು. “ಹಿತ್ತಲಿಂದ ಒಳಗೆ ಕರ್ಕೊಂಡು ಬರ್ರಿ, ತಲೆಬಾಗ್ಲಾಗೆ ಹೊರಗೆ ಕಳಿಸ್ರಿ, ಮತ್ತೆ ಅದೇ ಬಾಗ್ಲಾಗೆ ಒಳಗೆ ಕರ್ಕೊಳ್ರಿ. ಮುಗೀತು.”

“ಒಂದ್ಸಲ ಹಿತ್ತಲಿಂದ ಬಂದ್ರೆ ಬಂದಂಗೇ,” ಅಂದಳು ಅವ್ವ. “ಸೊಸೆ ಬಚ್ಚಲು ದಾಟಿ ಮನೆ ತುಂಬಿದ್ಲು ಅಂತ ಹರಿಹರದ ತನಕ ಹೋಗ್ತದೆ ಸುದ್ದಿ. ಆಯಮ್ಮ ಕೇಳಿದ್ದು ಒಂದೇ ಒಂದು.”

“ಎಲ್ಲ ಇವರಿಂದ!” ನಾನು ಅಪ್ಪನ ಕಡೆ ತಿರುಗಿದೆ. “ನಲವತ್ತಡಿ, ನಲವತ್ತಡಿ! ನಕ್ಷೆಯ ಮುದುಕ ಬರ್ತಾನೆ ಈಗ, ಟೋಪಿ ಹಾಕ್ಕೊಂಡು, ನಿಮ್ಮ ಸೊಸೇನ ಹೊತ್ಕೊಂಡು!”

ಅಪ್ಪ ತೆರೆದ ತಲೆಬಾಗಿಲಲ್ಲಿ ನಿಂತು ನೀರು ನೋಡುತ್ತಿದ್ದರು. ಮುಖ ತಿರುಗಿಸದೆಯೇ ಅಂದರು: “ಎದೆ ಮುಟ್ಕೊಂಡು ಹೇಳಿದ್ನಲ್ಲೋ ಕೊಟ್ರಾ.”

ಮಂಡಿಪೇಟೆಯಲ್ಲಿ ಅಪ್ಪ ಎಷ್ಟೋ ವ್ಯವಹಾರ ಬರೀ ಬಾಯಿಮಾತಿನಲ್ಲಿ ಮಾಡಿದ್ದಾರೆ. ಒಂದೂ ತಪ್ಪಿಲ್ಲ. ಅವರ ಧ್ವನಿ ಕೇಳಿ ನನ್ನ ಸಿಟ್ಟಿಗೆ ಎಲ್ಲಿ ಹೋಗಬೇಕೆಂದು ಗೊತ್ತಾಗಲಿಲ್ಲ. ಸಂಜೆ ರಶ್ಮಿತಾಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ: ನಕ್ಷೆ, ಬೆನ್ನು, ಗದ್ದೆ, ನೀರು.

ಆ ಕಡೆ ಹೊಲಿಗೆ ಮಷಿನ್ನಿನ ಸದ್ದು ನಿಂತಿತು. “ಅಂದ್ರೆ ನಾವು ಕಾರು ನಿಲ್ಸಿದ್ದು ಗದ್ದೆಯಾಗೇನ್ರೀ?”

“ಹೂಂ.”

“ನಂಗೆ ಅವತ್ತೇ ಅನುಮಾನ ಬಂದಿತ್ತು. ರೋಡಿನ ಮ್ಯಾಲೆ ಯಾರ್ರೀ ಕೂಳೆ ಬೆಳೀತಾರೆ?” ನಗತೊಡಗಿದಳು. ಬಹಳ ಹೊತ್ತು ನಕ್ಕಳು. ಆಮೇಲೆ, “ನಮ್ಮ ಸೋದರತ್ತೆಗೆ ಮಾತ್ರ ಹೇಳಬ್ಯಾಡ್ರಿ. ಮದುವೇನೇ ನಿಲ್ಸಿಬಿಟ್ಟಾಳು,” ಅಂದಳು. ಆ ಕೊನೆಯ ಮಾತಿಗೆ ನಗುವಿರಲಿಲ್ಲ.

ಮದುವೆ ಹರಿಹರದಲ್ಲಿ ಚೆನ್ನಾಗಿಯೇ ಆಯಿತು. ಊಟಕ್ಕೆ ಜನವೋ ಜನ. ಆವರಗೆರೆಯಿಂದ ಒಂದು ಬಸ್ಸೇ ಬಂದಿತ್ತು. ಅಪ್ಪ ಕಂಡಕಂಡವರನ್ನೆಲ್ಲ ಕರೆದಿದ್ದರು. ನಾನು ಎಲೆಯ ಮೇಲಿನ ಹೋಳಿಗೆ ಬಿಟ್ಟು ಎದ್ದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಟೆಂಪೋ ಹತ್ತಿದೆವು. ಓಡಿಸುವವನು ಆಸಿಮ್. ಮುಂದಿನ ಸೀಟಿನಲ್ಲಿ ಅಪ್ಪ, ಮಧ್ಯೆ ನಾನೂ ರಶ್ಮಿತಾನೂ, ನಮ್ಮ ಹಿಂದೆ ಆಶಾರಾಣಿ. ಹಿಂದಿನ ಗಾಡಿಗಳಲ್ಲಿ ಬೀಗರು. ಅವ್ವ ಮೊದಲೇ ಬಂದು, ತಲೆಬಾಗಿಲ ಹೊಸ್ತಿಲ ಮೇಲೆ ಸೇರು ತುಂಬ ಅಕ್ಕಿ ಇಟ್ಟು, ಆರತಿ ಹಿಡಿದು ನಿಂತಿದ್ದಳು. ಏನಾದರೂ ಆಗಲಿ, ಸೇರು ಇಡುವುದು ಅಲ್ಲೇ ಎಂದು ಅವಳ ಹಟ.

ಲೈನಿನ ಕೊನೆಯಲ್ಲಿ, ಗಾಡಿದಾರಿಯ ಬಾಯಿಗೆ ಟೆಂಪೋ ನಿಂತಿತು. ಮುಂದೆ ಹೋಗಲು ಏನೂ ಇರಲಿಲ್ಲ. ಮೊಣಕಾಲುದ್ದ ಕೆಸರು, ಅದರ ಮೇಲೆ ತೆಳ್ಳಗೆ ನೀರು, ದಡದಲ್ಲಿ ಸಸಿಯ ಕಟ್ಟುಗಳು, ಸೀರೆ ಎತ್ತಿ ಕಟ್ಟಿ ಸುಮ್ಮನೆ ಕೂತ ಆನಗೋಡಿನ ಹೆಣ್ಣಾಳುಗಳು.

ಆಶಾರಾಣಿ ಇಳಿದರು. ನೋಡಿದರು. “ಇದೇನ್ರಿ ಅಣ್ಣಾರೆ, ಕೆರೆ?”

ಅಪ್ಪ ಶಲ್ಯದ ಅಂಚು ತಿರುವುತ್ತಿದ್ದರು.

“ರೋಡೆಲ್ಲಿ?”

“ಅದು… ತಂಗೀ… ನಕ್ಷೆದಾಗೆ…”

“ನಾನು ನಕ್ಷೆ ಕೇಳಲಿಲ್ಲ. ಹುಡುಗಿ ಟೆಂಪೋದಾಗೇ ಕೂತಿರ್ತಾಳೆ. ತಲೆಬಾಗ್ಲಿಗೆ ದಾರಿ ತೋರಿಸ್ರಿ, ಇಳಿಸ್ತೀನಿ. ಇಲ್ಲಾಂದ್ರೆ ಗಾಡಿ ತಿರುಗಿಸ್ತೀನಿ. ಹಿತ್ತಲ ಬಾಗ್ಲಾಗೆ ನುಗ್ಗಾಕೆ ನಾವು ಹೆಣ್ಣು ಕೊಟ್ಟಿಲ್ಲ.”

ರೋಡಿನ ತುಂಬ ಜನ ಸೇರಿದರು. ನಾಗಭೂಷಣ್ ತಮ್ಮ ಮನೆಯ ಮೇಲೆ ಹತ್ತಿ ಮೊಬೈಲು ಹಿಡಿದಿದ್ದರು. ಅಪ್ಪನ ಮುಖ ನೋಡಲಾಗಲಿಲ್ಲ. ನಾನು ಇನ್ನೇನು ಬಾಯಿ ತೆರೆಯಬೇಕು, ಗದ್ದೆಯ ನಡುವಿನಿಂದ ನನಗಿಂತ ದೊಡ್ಡ ದನಿಯೊಂದು ಎದ್ದಿತು.

“ಬಂದ್ರೇನು ಮದುವಣಿಗರು! ನನ್ನ ಆಳನ್ನ ನಿಮ್ಮ ಊಟ ನುಂಗಿತಲ್ಲಪ್ಪೋ!”

ಗುತ್ತೆಪ್ಪ. ಮೊಣಕಾಲ ತನಕ ಕೆಸರು, ಕೈಯಲ್ಲಿ ಎತ್ತಿನ ಹಗ್ಗ. ಎತ್ತುಗಳ ಹಿಂದೆ ಉದ್ದನೆಯ ದಪ್ಪ ಹಲಗೆ. ನಾಟಿಗೆ ಮುಂಚೆ ಕೆಸರು ಮಟ್ಟ ಮಾಡಲು ಈ ಹಲಗೆ ಎಳೆಯಬೇಕು. ತೂಕಕ್ಕೆ ಅದರ ಮೇಲೆ ಇಬ್ಬರು ನಿಲ್ಲಬೇಕು, ಇಲ್ಲದಿದ್ದರೆ ಹಲಗೆ ತೇಲುತ್ತದೆ, ಉಬ್ಬು ತಗ್ಗು ಹಾಗೇ ಉಳಿಯುತ್ತದೆ.

“ಹಲಗೆ ಮ್ಯಾಲೆ ನಿಲ್ಲೋರಿಬ್ರೂ ಬೆಳಿಗ್ಗೆ ನಿಮ್ಮ ಬಸ್ ಹತ್ಯಾರೆ. ಮಧ್ಯಾಹ್ನಕ್ಕೆ ಬರ್ತೀವಂದೋರು ಹೋಳಿಗೆ ತಿಂದು ಎಲ್ಲಿ ಮಲಗ್ಯಾರೋ! ನಾಟಿ ನಿಂತೈತೆ, ನೀರು ಸಂಜೀಗೆ ಹೋಗ್ತದೆ. ಇಬ್ರನ್ನ ಕೊಡ್ರಿ ನಂಗೆ!”

“ಇಲ್ಲಿ ನಮ್ಮ ಮರ್ಯಾದೆ ಹೋಗಾಕತ್ತೈತೆ, ನಿಂದು ಹಲಗೆ!” ಅಂತ ನಾನೂ ಕೂಗಿದೆ.

ಟೆಂಪೋದ ಕಿಟಕಿಯಿಂದ ಬಾಸಿಂಗ ಕಟ್ಟಿದ ತಲೆಯೊಂದು ಹೊರಗೆ ಬಂತು. “ಅಣ್ಣಾರೆ,” ರಶ್ಮಿತಾ ಗದ್ದೆಯ ಕಡೆಗೆ ಕೂಗಿದಳು, “ಆ ಹಲಗೆ ಮನೆ ಬಾಗ್ಲ ತನಕ ಹೋಗ್ತದೇನ್ರಿ?”

ದಡದ ಹೆಣ್ಣಾಳುಗಳೆಲ್ಲ ಟೆಂಪೋದ ಕಡೆ ತಿರುಗಿದರು.

ಗುತ್ತೆಪ್ಪ ಹಲಗೆ ನೋಡಿದ, ಮನೆ ನೋಡಿದ, ಅವಳನ್ನು ನೋಡಿದ. “ಬದುವಿನ ಅಂಚಿಗೆ ಹೋಗ್ಲೇಬೇಕವ್ವಾ, ಅಲ್ಲೂ ಮಟ್ಟ ಆಗಬೇಕಲ್ಲ. ಆದ್ರೆ ಬದು ತುಳೀಬಾರ್ದು. ದಾಟಬೇಕು.”

“ದಾಟ್ತೀನಿ.” ಬಾಗಿಲು ತೆಗೆದು ಇಳಿದೇಬಿಟ್ಟಳು.

“ಏ ಹುಚ್ಚೀ! ಧಾರೆ ಸೀರೆ!” ಆಶಾರಾಣಿ ಕೈ ಹಿಡಿದರು.

“ಸೀರೆ ಒಗೆಯಾಕೆ ಬರ್ತದೆ ಅತ್ತೀ. ಒಗೆಯೋ ಕಲ್ಲು ರೋಡಿಗೇ ಐತಂತೆ.” ಆಮೇಲೆ ದನಿ ತಗ್ಗಿಸಿ ಹೇಳಿದಳು: “ನೀ ಕೇಳಿದ್ದು ತಲೆಬಾಗ್ಲು. ರೋಡು ಇವರು ಸೇರಿಸಿದ್ದು. ನಂಗೆ ತಲೆಬಾಗ್ಲು ಸಿಕ್ರೆ ಸಾಕು.”

ಆಶಾರಾಣಿ ಅವಳ ಮುಖವನ್ನು ನೋಡುತ್ತ ನಿಂತರು. ಕೈ ಬಿಡಲಿಲ್ಲ. ಆಮೇಲೆ ಬಿಟ್ಟರು, ಬಿಟ್ಟು ಅವಳ ಸೆರಗನ್ನು ತಾವೇ ಎತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದರು. “ಬಿದ್ದೀಯ, ಜೋಕೆ,” ಅಂದವರು ನನ್ನ ಕಡೆ ತಿರುಗಿ, “ಕೆಡವೀಯ, ಜೋಕೆ!”

ನಾನು ಬೂಟು ಕಳಚಿದೆ. ಹಲಗೆಯ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಅವಳು. ಹಿಡಿದುಕೊಳ್ಳಲು ಒಂದೊಂದು ಹಗ್ಗ. ಗುತ್ತೆಪ್ಪ ನಾಲಿಗೆ ಲೊಟಕ್ಕೆನಿಸಿದ. ಎತ್ತು ಕಾಲು ಕಿತ್ತವು. ಹಲಗೆ ಕೆಸರಿನ ಮೇಲೆ ಮೊಸರಿನ ಮೇಲೆ ಜಾರಿದಂತೆ ಜಾರಿತು. ಹೆಣ್ಣಾಳುಗಳು ಎದ್ದು ನಿಂತು ಸೋಬಾನೆ ಹಾಡು ಎತ್ತಿದರು. ರೋಡಿನಲ್ಲಿ ಬ್ಯಾಂಡಿನವರು ತಮಗೆ ಗೊತ್ತಿದ್ದ ಯಾವುದೋ ಸಿನಿಮಾ ಹಾಡು ಬಾರಿಸಿದರು. ಎರಡೂ ಒಂದಕ್ಕೊಂದು ಕೂಡಲಿಲ್ಲ, ಯಾರಿಗೂ ಬೇಸರವಾಗಲಿಲ್ಲ.

“ಸೊಂಟ ಬಗ್ಗಿಸವ್ವಾ, ಹಾಂ, ಹಂಗೆ!” ಗುತ್ತೆಪ್ಪ ಎತ್ತಿನ ಜೊತೆ ಅವಳಿಗೂ ಹೇಳುತ್ತಿದ್ದ. “ಕೊಟ್ರೇಶಿ, ನೀನು ಕಂಬದಂಗೆ ನಿಂತೀಯಲ್ಲೋ! ನೋಡಿ ಕಲಿ!”

ರಶ್ಮಿತಾ ಹಗ್ಗ ಹಿಡಿದು, ಬಾಸಿಂಗ ಓರೆಯಾಗಿ, ನಗುತ್ತ ನಿಂತಿದ್ದಳು. ಒಂಬತ್ತು ಮನೆಯ ತಲೆಬಾಗಿಲುಗಳು ಒಂದೊಂದಾಗಿ ತೆರೆದವು. ಆ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹೊಸ್ತಿಲ ಮೇಲೆಲ್ಲ ಜನ. ಹಿತ್ತಲ ಲೈನಿಗೂ ಒಂದು ಮುಖವಿದೆ, ನೋಡಲು ಪರವಾಗಿಲ್ಲ ಅನಿಸಿತು. ಅಪ್ಪ ಆಶಾರಾಣಿಯ ಪಕ್ಕದಲ್ಲಿ, ದಡದಲ್ಲಿ, ಶಲ್ಯ ಎತ್ತಿ ಬೀಸುತ್ತಿದ್ದರು.

ನಮ್ಮ ಮನೆ ಹತ್ತಿರ ಬಂತು. ಆಗ ಮೇಲಿನಿಂದ ನಾಗಭೂಷಣ್ ಕೂಗಿದರು: “ಕೊಟ್ರೇಶಿ, ಈ ಕಡೆ ನೋಡೋ! ನಲವತ್ತಡಿ ರೋಡಿನ ಮೊದಲ್ನೇ ಗಾಡಿ ನಿಂದೇ!”

ಸುಮ್ಮನೆ ಇರಬಹುದಾಗಿತ್ತು. “ರೀ, ನಿಮ್ಮ ಮನೇನೂ ಇದೇ ಲೈನಿನಾಗೆ ಐತ್ರೀ!” ಎಂದು ಹಗ್ಗ ಬಿಟ್ಟು, ಕೈ ಎತ್ತಿ ತಿರುಗಿದೆ. ಎತ್ತು ಅದೇ ಗಳಿಗೆಯಲ್ಲಿ ತಿರುಗಿದವು. ಜರಿ ಪೇಟ, ರೇಷ್ಮೆ ಪಂಚೆ, ನಾನು, ಮೂರೂ ಅಂಗಾತ ಕೆಸರಿಗೆ.

ಎದ್ದು ಕೂತಾಗ ಕಣ್ಣಿಗೆ ಕಂಡದ್ದು: ರಶ್ಮಿತಾ ಒಬ್ಬಳೇ ಹಲಗೆಯ ಮೇಲೆ ಬದುವಿನ ಅಂಚಿಗೆ ಹೋಗಿ ನಿಂತಿದ್ದಾಳೆ. ನೆರಿಗೆ ಎತ್ತಿ, ಒಂದೇ ಹೆಜ್ಜೆಗೆ ಹಸಿ ಬದು ದಾಟಿದಳು. ಒಂದು ಬೆರಳೂ ತಾಗಲಿಲ್ಲ. ಗುತ್ತೆಪ್ಪ ಬಗ್ಗಿ ಬದು ನೋಡಿ, ತಲೆದೂಗಿದ.

ಕರಿ ಗ್ರಾನೈಟಿನ ಮೇಲೆ ಅವಳು, ಹೊಸ್ತಿಲ ಒಳಗೆ ಆರತಿ ಹಿಡಿದ ಅವ್ವ, ನಡುವೆ ಸೇರಕ್ಕಿ. ನಾಟಿಗೆ ಊಟ ತಂದಿದ್ದ ಕೊಟ್ರವ್ವ ಅದು ಹೇಗೋ ಬದು ದಾಟಿ ಹೊಸ್ತಿಲ ಹೊರಗೆ ಬಂದು ನಿಂತು ಬಾಗಿಲಿಗೆ ಅಡ್ಡ ಕೈ ಹಿಡಿದಿದ್ದಳು. “ಗಂಡನ ಹೆಸರು ಹೇಳದೆ ಒಳಗೆ ಬಿಡಲ್ಲ. ಒಡಪು ಹಾಕಬೇಕು!”

ರಶ್ಮಿತಾ ಹಿಂದೆ ತಿರುಗಿ ನನ್ನನ್ನು ನೋಡಿದಳು. ನಾನು ಕಿವಿಯಿಂದ ಕೆಸರು ತೆಗೆಯುತ್ತ ಬರುತ್ತಿದ್ದೆ.

“ಮುಂದೆ ಭತ್ತದ ಗದ್ದೆ, ಹಿಂದೆ ಡಾಂಬರು ರೋಡು,
ಕೊಟ್ರೇಶಪ್ಪನ ಸಿಟ್ಟು ಕೆಸರಾಗೆ ಬಿತ್ತು ನೋಡು!”

ನಗು ಗದ್ದೆಯ ಈ ತುದಿಯಿಂದ ಆ ತುದಿಗೆ ಹೋಯಿತು. ದಡದಿಂದ ಆಶಾರಾಣಿಯ ನಗು ಬೇರೆಯಾಗಿಯೇ ಕೇಳಿಸಿತು. ಅದನ್ನು ಯಾವ ಬ್ಯಾಂಡೂ ಮುಚ್ಚಲಾರದು. ನನಗೆ ಸಿಟ್ಟು ಬರಬೇಕಾಗಿತ್ತು. ಹುಡುಕಿದೆ, ಇರಲಿಲ್ಲ. ಅವಳು ಹೇಳಿದಲ್ಲೇ ಬಿದ್ದಿರಬೇಕು.

ಬಲಗಾಲಲ್ಲಿ ಸೇರು ಒದ್ದಳು. ಅಕ್ಕಿ ಪಡಸಾಲೆಯ ತುಂಬ ಹರಡಿತು. ಒಳಗೆ ಬಂದಳು. ನಮ್ಮ ಪಡಸಾಲೆಗೆ ನಾನು ಹಾಕಿದ್ದು ಹಾಲಿನಂಥ ಬಿಳಿ ಟೈಲ್ಸ್. ಅದರ ಮೇಲೆ ಚಪ್ಪಲಿ ಹಾಕಿ ಬಂದವರನ್ನು ನಾನು ಸುಮ್ಮನೆ ಬಿಟ್ಟವನಲ್ಲ, ಅಪ್ಪನನ್ನೂ. ರಶ್ಮಿತಾಳ ಎರಡೂ ಪಾದ ತುಂಬ ಗುತ್ತೆಪ್ಪನ ಗದ್ದೆ. ಒಂದೊಂದೇ ಹೆಜ್ಜೆ ಹಾಗೇ ಅಚ್ಚೊತ್ತುತ್ತ ದೇವರ ಕೋಣೆಯ ತನಕ ಹೋಯಿತು. ಹಿಂದೆ ನಾನು ಹೋದೆ, ಆಮೇಲೆ ಗುತ್ತೆಪ್ಪ ಬಂದ, ಆಮೇಲೆ ಹೆಣ್ಣಾಳುಗಳು ನಾಟಿಗೆ ಇಳಿಯುವ ಮುಂಚೆ ಹೋಳಿಗೆ ಎಲ್ಲಿ ಎಂದು ಕೇಳುತ್ತ ಬಂದರು. ಬೀಗರು ಹಿತ್ತಲಿಂದ ಬಂದರು. ಆಶಾರಾಣಿಯೂ ಬಟ್ಟೆ ಒಗೆಯುವ ಕಲ್ಲು ದಾಟಿಕೊಂಡೇ ಬಂದರು. “ನಾನೇನು ಸೊಸೇನಾ? ನಂಗ್ಯಾವ ಬಾಗ್ಲಾದ್ರೇನು!” ಎಂದು ಕೂತು ನೀರು ಕೇಳಿದರು.

ಕೊಟ್ರವ್ವ ಮಾತ್ರ ಹೊಸ್ತಿಲ ಆಚೆಯೇ ನಿಂತಿದ್ದಳು. ನೆಲ ನೋಡಿದಳು, ತನ್ನ ಕೆಸರು ಕಾಲು ನೋಡಿದಳು, ನನ್ನನ್ನು ನೋಡಿದಳು.

“ಯಾಕಪ್ಪಾ ಕೊಟ್ರೇಶಿ,” ಅಂದಳು, “ಇವತ್ತು ಹಗ್ಗ ಕಟ್ಟಲ್ಲೇನು?”